ಮೇಷ್ಟ್ರ ಮನೆಗೆ ಬೀಗ

ನಮ್ಮ ಬೀದಿಯ ರಿಟೈರ್ಡ್ ಮೇಷ್ಟ್ರು ಬೆಳಗಾದರೆ ಕೊಡೆ ಹಿಡಿದು ‘ಸ್ಕೂಲಿಗೆ ಹೊತ್ತಾಯ್ತು’ ಅಂತ ಹೊರಡ್ತಾರೆ. ಮರೆವಿನ ಕಾಯಿಲೆ. ಮೊನ್ನೆ ದಾರಿ ತಪ್ಪಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಅಂದಿನಿಂದ ಮಗ ಹೊರಗಿನಿಂದ ಬೀಗ ಜಡಿದು ಕೆಲಸಕ್ಕೆ ಹೋಗ್ತಾನೆ. ಮೇಷ್ಟ್ರು ಕಿಟಕಿ ಸರಳು ಹಿಡಿದು ನಿಂತಿರುತ್ತಾರೆ.

ಮಗನನ್ನು ಬೈಯೋದು ಸುಲಭ. ಲಾರಿ ಓಡಾಡೋ ರಸ್ತೆ, ಅವನ ಭಯ ಸುಳ್ಳಲ್ಲ. ಆದರೆ ಸ್ವಾಮಿ, ಒಳಗೆ ಬೆಂಕಿ ಹತ್ತಿಕೊಂಡರೆ ಬಾಗಿಲು ತೆಗೆಯೋರ್ಯಾರು? ರಾತ್ರಿ ಚಿಲಕ ಹಾಕಲಿ, ಬೇಡ ಅನ್ನೋಲ್ಲ. ಹಗಲು ಜೊತೆಗೊಬ್ಬರು ಬೇಕು, ಅಂಗಿಗೆ ಫೋನ್ ನಂಬರು ಹೊಲಿದಿರಬೇಕು, ಆಟೋ ಸ್ಟ್ಯಾಂಡಿನವರಿಗೆ ಗುರುತು ಹೇಳಿರಬೇಕು.

ದೇಶದಲ್ಲಿ ಇಂಥವರು ಸುಮಾರು 88 ಲಕ್ಷ ಅಂತ 2023ರಲ್ಲಿ ಪ್ರಕಟವಾದ ಅಂದಾಜು. ನಮ್ಮೂರಲ್ಲಿ ಇವರನ್ನು ಹಗಲು ನೋಡಿಕೊಳ್ಳೋಕೆ ಒಂದು ಕೋಣೆಯೂ ಇಲ್ಲ. ಪುರಸಭೆಯವರೇ, ಕೇಳಿಸ್ತೇ?

ಅಲ್ಲೀವರೆಗೆ ಬೆಳಿಗ್ಗೆ ಮೇಷ್ಟ್ರ ಜೊತೆ ಸ್ಕೂಲಿನ ಗೇಟಿನವರೆಗೆ ಹೋಗಿಬರೋಕೆ ನಾನು ರೆಡಿ. ಮಧ್ಯಾಹ್ನಕ್ಕೆ ಯಾರು?