ಬೀಗ ಹಾಕಿದ ಮೇಲೆ ಒಮ್ಮೆ ಜಗ್ಗಿ ನೋಡಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ನನ್ನ ಎಂಟು ವರ್ಷದ ಲ್ಯಾಪ್‌ಟಾಪ್ ವಿಂಡೋಸ್ 11ಕ್ಕೆ ಅರ್ಹವಲ್ಲ ಎಂಬ ಉತ್ತರ ಬಂತು. ಹೊಸದಕ್ಕೆ ದುಡ್ಡು ಹೊಂದಿಸುವ ಬದಲು, ಗೆಳೆಯರ ಮಾತು ಕೇಳಿ ಹಗುರವಾದ ಲಿನಕ್ಸ್ ಒಂದನ್ನು ಹಾಕಿಕೊಂಡೆ. 4 ಜಿಬಿ ರ್‍ಯಾಮ್‌ನಲ್ಲೇ ಅದು ಚೆನ್ನಾಗಿ ಓಡತೊಡಗಿತು. ಪುಣೆ, ಮುಂಬೈ, ಹೈದರಾಬಾದ್‌ಗಳಲ್ಲಿ ಫ್ಲ್ಯಾಟ್ ಹಂಚಿಕೊಂಡು ದುಡಿಯುವ ನಮ್ಮಂಥವರು ಕೆಲವರು ಇದೇ ದಾರಿ ಹಿಡಿದಿದ್ದಾರೆ. ಆ ನಿರ್ಧಾರದ ಬಗ್ಗೆ ನನಗೆ ಬೇಸರವಿಲ್ಲ. ಬೇಸರ ಇರುವುದು ಒಂದೇ ವಿಷಯಕ್ಕೆ. ಪರದೆಯ ಬೀಗ ಸರಿಯಾಗಿ ಬೀಳುತ್ತದೆಯೇ ಎಂದು ನಾನು ನೋಡಿಕೊಳ್ಳಲಿಲ್ಲ.

ಪುಣೆಯ ಭೋಸರಿ ಕಡೆಯ ಸಣ್ಣ ಕಾರ್ಖಾನೆಗಳಿಗೆ ಸಂಬಳದ ಲೆಕ್ಕ ಮಾಡಿಕೊಡುವುದು ನನ್ನ ಕೆಲಸ. ನನ್ನ ಜೊತೆ ಫ್ಲ್ಯಾಟ್‌ನಲ್ಲಿರುವ ಹುಡುಗ ಇಂಡಿ ತಾಲ್ಲೂಕಿನವನು, ಅಂಥದೇ ಒಂದು ಕಾರ್ಖಾನೆಯಲ್ಲಿ ದುಡಿಯುತ್ತಾನೆ. ಒಂದು ಸಂಜೆ ನಾನು ಹಾಲು ತರಲು ಕೆಳಗೆ ಹೋಗಿದ್ದೆ. ಬಂದು ನೋಡಿದರೆ ಅವನ ಮುಖ ಸಪ್ಪಗಿತ್ತು. ‘ಅಣ್ಣಾ, ನೋಡಬೇಕಂತ ನೋಡಿಲ್ಲ. ಚಹಾ ಚೆಲ್ಲತೈತಿ ಅಂತ ಲ್ಯಾಪ್‌ಟಾಪ್ ಸರಿಸಿದ್ನಿ, ಅಷ್ಟರಾಗ ಎಲ್ಲಾ ಕಾಣಿಸ್ತು’ ಅಂದ. ಪರದೆಯ ಮೇಲಿದ್ದದ್ದು ಅವನದೇ ಕಾರ್ಖಾನೆಯ ಸಂಬಳದ ಪಟ್ಟಿ. ಅವನಿಗಿಂತ ಎರಡು ವರ್ಷ ತಡವಾಗಿ ಸೇರಿದ ಹುಡುಗನಿಗೆ ತಿಂಗಳಿಗೆ 3,500 ರೂಪಾಯಿ ಹೆಚ್ಚು.

ತಪ್ಪು ಅವನದಲ್ಲ, ನನ್ನದು. ಅದು ಹೇಗಾಯಿತು ಎಂಬುದನ್ನು ಹೇಳಬೇಕು. ಏಕೆಂದರೆ ಹಳೆಯ ಲ್ಯಾಪ್‌ಟಾಪ್‌ಗೆ ಹೊಸ ಜೀವ ಕೊಟ್ಟ ಯಾರೂ ಇದೇ ತಪ್ಪು ಮಾಡಬಹುದು.

ಹತ್ತು ನಿಮಿಷ ಮುಟ್ಟದಿದ್ದರೆ ನನ್ನ ಪರದೆ ಕಪ್ಪಾಗುತ್ತಿತ್ತು. ಕಪ್ಪಾಯಿತು ಎಂದರೆ ಬೀಗ ಬಿತ್ತು ಎಂದೇ ನಾನು ತಿಳಿದಿದ್ದೆ. ಆದರೆ ಸ್ಕ್ರೀನ್‌ಸೇವರ್ ಬೇರೆ, ಸ್ಕ್ರೀನ್ ಲಾಕ್ ಬೇರೆ. ಹಳೆಯ ಡಬ್ಬಾ ಮಾನಿಟರ್‌ಗಳಲ್ಲಿ ಒಂದೇ ಚಿತ್ರ ಬಹಳ ಹೊತ್ತು ನಿಂತರೆ ಗಾಜಿನ ಒಳಬದಿಯ ರಂಜಕದ ಲೇಪದಲ್ಲಿ ಅದರ ಕಲೆ ಉಳಿಯುತ್ತಿತ್ತು. ಅದನ್ನು ತಪ್ಪಿಸಲು ಹುಟ್ಟಿದ್ದು ಸ್ಕ್ರೀನ್‌ಸೇವರ್. ಅದು ಕಿಟಕಿಗೆ ಹಾಕುವ ಪರದೆ ಇದ್ದಂತೆ. ಯಾರಾದರೂ ಸರಿಸಿದರೆ ಒಳಗಿನದೆಲ್ಲ ಕಾಣುತ್ತದೆ. ಪಾಸ್‌ವರ್ಡ್ ಕೇಳುವುದು ಲಾಕ್ ಮಾತ್ರ. ಹಗುರ ಲಿನಕ್ಸ್‌ಗಳಲ್ಲಿ ಹೆಚ್ಚಾಗಿ ಸಿಗುವ ಎಕ್ಸ್‌ಸ್ಕ್ರೀನ್‌ಸೇವರ್ ಎಂಬ ಪ್ರೋಗ್ರಾಂನ ಮೂಲ ಸೆಟ್ಟಿಂಗ್‌ನಲ್ಲಿ ಲಾಕ್ ಆಯ್ಕೆ ಆಫ್ ಆಗಿಯೇ ಇರುತ್ತದೆ. ನಾವೇ ಹೋಗಿ ಅದಕ್ಕೆ ಟಿಕ್ ಹಾಕಬೇಕು.

ದೊಡ್ಡ ಡೆಸ್ಕ್‌ಟಾಪ್ ವ್ಯವಸ್ಥೆಗಳಲ್ಲಿ ಈ ಕೆಲಸಗಳೆಲ್ಲ ಒಂದೇ ಕಡೆ ಸೇರಿಕೊಂಡಿರುತ್ತವೆ. ಲುಬುಂಟು, ಜುಬುಂಟುವಿನಂಥ ಹಗುರ ವ್ಯವಸ್ಥೆಗಳಲ್ಲಿ ಅವು ಬಿಡಿ ಬಿಡಿ. ಪರದೆ ಕಪ್ಪು ಮಾಡುವುದು ಒಂದು ಕೆಲಸ, ಮಾನಿಟರಿನ ವಿದ್ಯುತ್ ಉಳಿಸುವುದು ಇನ್ನೊಂದು, ಮುಚ್ಚಳ ಮುಚ್ಚಿದಾಗ ಯಂತ್ರವನ್ನು ಮಲಗಿಸುವುದು ಮತ್ತೊಂದು, ಬೀಗ ಹಾಕುವುದು ಬೇರೆಯೇ. ಒಬ್ಬರು ಇನ್ನೊಬ್ಬರಿಗೆ ಸುದ್ದಿ ಮುಟ್ಟಿಸದಿದ್ದರೆ ಲ್ಯಾಪ್‌ಟಾಪ್ ನಿದ್ದೆಗೆ ಹೋಗುತ್ತದೆ, ಬೀಗ ಬೀಳುವುದಿಲ್ಲ. ಅದಕ್ಕೇ ‘ನಿದ್ರೆಗೆ ಹೋಗುವ ಮುನ್ನ ಲಾಕ್ ಮಾಡು’ ಎಂಬ ಆಯ್ಕೆ ಪ್ರತ್ಯೇಕವಾಗಿ ಇರುತ್ತದೆ. ಲುಬುಂಟುವಿನ ಡೆಸ್ಕ್‌ಟಾಪ್‌ನಲ್ಲಿ ಸೆಷನ್ ಸೆಟ್ಟಿಂಗ್‌ನಲ್ಲಿ, ಜುಬುಂಟುವಿನದರಲ್ಲಿ ಪವರ್ ಮ್ಯಾನೇಜರ್‌ನಲ್ಲಿ ಹುಡುಕಬೇಕು.

ನಾನು ಇದನ್ನು ಹುಡುಕಲಿಲ್ಲ. ಬೀಗ ಬೀಳುತ್ತಿಲ್ಲ ಎಂದು ಗೊತ್ತಾದಾಗ ಯಾರೋ ಹೇಳಿದರೆಂದು ಲಾಕ್ ಮಾಡುವ ಎರಡನೇ ಪ್ರೋಗ್ರಾಂ ಹಾಕಿದೆ, ಮೊದಲನೆಯದನ್ನು ತೆಗೆಯಲಿಲ್ಲ. ಒಂದೇ ಬಾಗಿಲಿಗೆ ಇಬ್ಬರು ಕಾವಲುಗಾರರಾದರು. ಒಬ್ಬನಿಗೆ ಪಾಸ್‌ವರ್ಡ್ ಕೊಟ್ಟರೆ ಇನ್ನೊಬ್ಬ ಕಪ್ಪು ಪರದೆ ಹಿಡಿದು ನಿಲ್ಲುತ್ತಿದ್ದ. ಪವರ್ ಬಟನ್ ಒತ್ತಿಹಿಡಿದು ಆಫ್ ಮಾಡಬೇಕಾಗಿ ಬಂದು ಎರಡು ಸಲ ಮಾಡಿದ ಲೆಕ್ಕ ಹೋಯಿತು. ಸಿಟ್ಟಿನಲ್ಲಿ ಎರಡನ್ನೂ ಆಫ್ ಮಾಡಿಬಿಟ್ಟೆ. ಮಾಡಬೇಕಿದ್ದದ್ದು ಇಷ್ಟೇ: ಯಾವುದಾದರೂ ಒಂದನ್ನು ಉಳಿಸಿಕೊಂಡು, ಇನ್ನೊಂದನ್ನು ಲಾಗಿನ್ ಆದಾಗ ತಾನೇ ಶುರುವಾಗುವ ಪಟ್ಟಿಯಿಂದ ತೆಗೆಯುವುದು. ಈಗ ಹಾಗೆ ಮಾಡಿದ್ದೇನೆ, ತೊಂದರೆ ಇಲ್ಲ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇನ್ನೊಂದು ಕಿರಿಕಿರಿ ಇದೆ. ಕೀಬೋರ್ಡ್ ವಿನ್ಯಾಸ ಕನ್ನಡದಲ್ಲಿದ್ದಾಗಲೇ ಲಾಕ್ ಬಿದ್ದರೆ, ಸರಿಯಾದ ಪಾಸ್‌ವರ್ಡ್ ಒತ್ತಿದರೂ ಅದು ಕನ್ನಡ ಅಕ್ಷರಗಳಾಗಿ ಹೋಗಬಹುದು. ಕಾಣುವುದು ಚುಕ್ಕೆಗಳು ಮಾತ್ರ, ಹಾಗಾಗಿ ತಿಳಿಯುವುದಿಲ್ಲ. ಪಾಸ್‌ವರ್ಡ್ ಮರೆತೆನೆಂದು ಗಾಬರಿಯಾಗುವ ಮೊದಲು, ಭಾಷೆ ಬದಲಿಸುವ ಕೀಲಿಯನ್ನು ಒಮ್ಮೆ ಒತ್ತಿ ನೋಡಿ. ನನಗಂತೂ ಅರ್ಧ ತಾಸು ಹೋದ ಮೇಲೆ ಹೊಳೆಯಿತು.

ಬೀಗ ಬಿದ್ದ ಮೇಲೂ ಅದು ಗಟ್ಟಿಯೇ ಎಂಬ ಪ್ರಶ್ನೆ ಉಳಿಯುತ್ತದೆ. 2021ರ ಜನವರಿಯಲ್ಲಿ ಲಿನಕ್ಸ್ ಮಿಂಟ್ ಬಳಸುತ್ತಿದ್ದ ಒಬ್ಬ ತಂದೆ ಒಂದು ದೋಷ ವರದಿ ಮಾಡಿದ್ದರು. ಅವರ ಮಕ್ಕಳು ಕೀಬೋರ್ಡನ್ನೂ ಪರದೆಯ ಮೇಲಿನ ಕೀಬೋರ್ಡನ್ನೂ ಒಟ್ಟಿಗೆ ಸಿಕ್ಕಾಪಟ್ಟೆ ಒತ್ತಿದಾಗ ಲಾಕ್ ಪ್ರೋಗ್ರಾಂ ಕುಸಿದು ಡೆಸ್ಕ್‌ಟಾಪ್ ತೆರೆದುಕೊಂಡಿತ್ತು. 1992ರಲ್ಲಿ ಎಕ್ಸ್‌ಸ್ಕ್ರೀನ್‌ಸೇವರ್ ಹೊರತಂದ ಜೇಮೀ ಝವಿನ್ಸ್ಕಿ ಬಹಳ ವರ್ಷಗಳಿಂದ ಇದನ್ನೇ ಹೇಳುತ್ತ ಬಂದಿದ್ದರು. ಎಕ್ಸ್11 ಎಂಬ ಹಳೆಯ ಪರದೆ ವ್ಯವಸ್ಥೆಯಲ್ಲಿ ಲಾಕ್ ಎಂಬುದು ಬೇರೆ ಪ್ರೋಗ್ರಾಂಗಳಂತೆ ಒಂದು ಪ್ರೋಗ್ರಾಂ ಅಷ್ಟೇ. ಅದು ಕುಸಿದರೆ ಬಾಗಿಲು ತೆರೆದಂತೆ. ಆದ್ದರಿಂದ ಅದಕ್ಕೆ ಅಲಂಕಾರ ಕಡಿಮೆ ಇದ್ದಷ್ಟೂ ಒಳ್ಳೆಯದು ಎಂಬುದು ಅವರ ವಾದ. ಹೊಸ ವೇಲ್ಯಾಂಡ್ ವ್ಯವಸ್ಥೆಯಲ್ಲಿ ಇದಕ್ಕೆಂದೇ ಇರುವ ನಿಯಮದ ಪ್ರಕಾರ ಲಾಕ್ ಪ್ರೋಗ್ರಾಂ ಕುಸಿದರೂ ಪರದೆ ಮುಚ್ಚಿಯೇ ಇರಬೇಕು. ನಮ್ಮ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಇನ್ನೂ ಎಕ್ಸ್11 ಇರುವುದೇ ಹೆಚ್ಚು. ಅಲ್ಲಿಯವರೆಗೆ ಅಪ್‌ಡೇಟ್ ಮುಂದೂಡದಿರುವುದೇ ನಮ್ಮ ಕೈಲಿರುವ ಉಪಾಯ.

ಇಷ್ಟೆಲ್ಲ ಕೇಳಿದವರು ನನಗೆ ಎರಡು ಮಾತು ಹೇಳಿದ್ದಾರೆ. ಮೊದಲನೆಯದು, ‘ಪುಕ್ಕಟೆ ಸಿಕ್ಕಿದ್ದರ ಹಣೆಬರಹವೇ ಇಷ್ಟು’ ಎಂದು. ನಾನು ಒಪ್ಪುವುದಿಲ್ಲ. ಬೀಗ ವ್ಯವಸ್ಥೆಯಲ್ಲಿ ಇತ್ತು, ಹಾಕಿಕೊಳ್ಳದವನು ನಾನು. ಎರಡನೆಯದು, ‘ನಮ್ಮ ಹುಡುಗರೇ ಅಲ್ವಾ, ಅವರ ಮುಂದೆ ಲಾಕ್ ಯಾಕೆ?’ ಎಂಬುದು. ಇದಕ್ಕೆ ಮೊದಲು ನಾನೂ ತಲೆಯಾಡಿಸುತ್ತಿದ್ದೆ. ಪರ ಊರಿನಲ್ಲಿ ಒಂದೇ ಒಲೆಯ ರೊಟ್ಟಿ ತಿನ್ನುವವರ ನಡುವೆ ಪಾಸ್‌ವರ್ಡ್ ಒತ್ತುವುದು ಅನುಮಾನಪಟ್ಟಂತೆ ಕಾಣುತ್ತಿತ್ತು.

ಈಗ ಹಾಗೆ ಅನ್ನಿಸುವುದಿಲ್ಲ. ಆ ಹುಡುಗ ಎಂಟು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮಾಲೀಕರನ್ನು ಕೇಳೋಣವೆಂದರೆ ನನ್ನ ಕೆಲಸಕ್ಕೆ ಕುತ್ತು, ಸುಮ್ಮನಿರೋಣವೆಂದರೆ ಮನಸ್ಸು ಒಪ್ಪದು. ಅವನಿಗೆ ಬೇಡದ ಹೊರೆಯೊಂದನ್ನು ನಾನೇ ತಲೆಗೆ ಹೊರಿಸಿದ್ದೆ. ಕೊನೆಗೆ ಪಟ್ಟಿ ಬೇರೆಯವರ ಕಣ್ಣಿಗೆ ಬಿದ್ದಿದೆ ಎಂದು ಮಾಲೀಕರಿಗೆ ನಾನೇ ಹೇಳಿದೆ. ಯಾರು ನೋಡಿದರೆಂದು ಅವರು ಕೇಳಲಿಲ್ಲ. ಮುಂದಿನ ತಿಂಗಳಿಂದ ಫೈಲಿಗೆ ಪಾಸ್‌ವರ್ಡ್ ಹಾಕಿ ಕಳುಹಿಸುತ್ತಿದ್ದಾರೆ. ಆ ಪಾಸ್‌ವರ್ಡ್ ಒತ್ತುವಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ. ಲಾಕ್ ಇದ್ದಿದ್ದರೆ ಉಳಿಯುತ್ತಿದ್ದದ್ದು ನನ್ನ ಗುಟ್ಟಲ್ಲ, ಅವನ ನೆಮ್ಮದಿ.

ಆದ್ದರಿಂದ ಗೆಳೆಯರ ಹಳೆಯ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿಕೊಡುವವರಲ್ಲಿ ನನ್ನ ವಿನಂತಿ: ವೈಫೈ ಬಂತು, ಯೂಟ್ಯೂಬ್ ಓಡಿತು ಎಂದು ಎದ್ದುಬಿಡಬೇಡಿ. ಇನ್ನು ಐದು ನಿಮಿಷ ಕೂತು ಮೂರು ಪರೀಕ್ಷೆ ಮಾಡಿ. ಸಮಯವನ್ನು ಒಂದು ನಿಮಿಷಕ್ಕೆ ಇಟ್ಟು ಸುಮ್ಮನೆ ಕಾಯಿರಿ. ಮುಚ್ಚಳ ಮುಚ್ಚಿ ತೆರೆಯಿರಿ. ಕಂಟ್ರೋಲ್, ಆಲ್ಟ್, ಎಲ್ ಮೂರನ್ನೂ ಒಟ್ಟಿಗೆ ಒತ್ತಿ. ಮೂರೂ ಸಲ ಪಾಸ್‌ವರ್ಡ್ ಕೇಳಿದರೆ ಮಾತ್ರ ಕೆಲಸ ಮುಗಿಯಿತು ಎನ್ನಿ. ಊರಿಗೆ ಹೊರಡುವಾಗ ಬಾಗಿಲಿಗೆ ಬೀಗ ಹಾಕಿ ಎರಡು ಸಲ ಜಗ್ಗಿ ನೋಡುವ ಮಂದಿ ನಾವು. ಲ್ಯಾಪ್‌ಟಾಪ್‌ಗೂ ಅದೇ ಅಭ್ಯಾಸ ಸಾಕು.