ಎರಡು ಸಾವಿರ ಬಿಟ್ಟಿ ಅನ್ನೋರಿಗೆ ಒಂದು ಮಾತು



ಗೃಹಲಕ್ಷ್ಮಿ ಹಣ ಬಂದಾಗಲೆಲ್ಲ ನಮ್ಮ ಕಡೆ ಒಂದೇ ಮಾತು: ಬಿಟ್ಟಿ ದುಡ್ಡು ಕೊಟ್ಟು ಜನರನ್ನ ಸೋಮಾರಿ ಮಾಡಿದ್ರು, ಆಳು ಸಿಗ್ತಿಲ್ಲ. 2023ರ ಆಗಸ್ಟ್ 30ಕ್ಕೆ ನಮ್ಮ ಮೈಸೂರಿನ ಮಹಾರಾಜ ಕಾಲೇಜು ಮೈದಾನದಲ್ಲೇ ಈ ಯೋಜನೆ ಶುರುವಾಗಿದ್ದು. ಅವತ್ತಿನಿಂದ ಈ ಮಾತೂ ನಿಂತಿಲ್ಲ.

ಅರ್ಥಶಾಸ್ತ್ರ ಓದಿದವರಲ್ಲೂ ಈ ಜಗಳ ಹಳೇದು. ಇಂಗ್ಲೆಂಡಿನ ಕೇನ್ಸ್ 1936ರಲ್ಲಿ ಒಂದು ಪುಸ್ತಕ ಬರೆದ. ಜನರ ಕೈಲಿ ಕಾಸಿಲ್ಲದಾಗ ಸರ್ಕಾರವೇ ಖರ್ಚು ಮಾಡಬೇಕು, ಆಗ ವ್ಯಾಪಾರ ಚೇತರಿಸಿಕೊಳ್ಳುತ್ತೆ ಅಂತಾರೆ ಅವನ ದಾರಿಯವರು. ಸಾಲ ತಂದು ಹಂಚಿದರೆ ನಾಳೆ ಬಡ್ಡಿ ಕಟ್ಟೋರು ನಾವೇ, ಕೆರೆ ರಸ್ತೆಗೆ ದುಡ್ಡು ಉಳಿಯಲ್ಲ ಅಂತಾರೆ ಇನ್ನೊಂದು ಕಡೆಯವರು.

ನಾನು ಓದಿರೋದು ಎಸ್ಸೆಸ್ಸೆಲ್ಸಿ. ಆದರೆ ಬಂಡೀಪಾಳ್ಯಕ್ಕೆ ಬೀನ್ಸ್, ಟೊಮೇಟೊ ಹಾಕೋನಿಗೆ ಕೊಳ್ಳೋರು ಯಾರು ಅನ್ನೋದು ಗೊತ್ತಿರಬೇಕಲ್ಲ. ಬಡವರ ಮನೆ ಹೆಣ್ಮಗಳ ಕೈಗೆ ಬಂದ 2,000 ಬ್ಯಾಂಕಲ್ಲಿ ಕೊಳೆಯಲ್ಲ. ತರಕಾರಿ, ದಿನಸಿ, ಮಕ್ಕಳ ಫೀಸು, ಸಂಘದ ಕಂತು ಅಂತ ವಾರದೊಳಗೆ ಸಂತೆಗೆ ಬರುತ್ತೆ. ನಮ್ಮ ಗಿರಾಕಿನೇ ಅವಳು.

2019ರ ಸೆಪ್ಟೆಂಬರಲ್ಲಿ ಕೇಂದ್ರ ಸರ್ಕಾರ ಕಂಪನಿಗಳ ತೆರಿಗೆಯನ್ನ ಶೇ 30ರಿಂದ 22ಕ್ಕೆ ಇಳಿಸಿತು. ನಮ್ಮ ಅರಳಿಕಟ್ಟೇಲಿ ಅದನ್ನ ಯಾರೂ ಬಿಟ್ಟಿ ಅನ್ನಲಿಲ್ಲ!

ನಮ್ಮನ್ನೇ ನೋಡ್ಕೊಳ್ಳಿ. 10 ಹೆಚ್.ಪಿ.ವರೆಗೆ ಪಂಪ್‌ಸೆಟ್ಟಿಗೆ ಕರೆಂಟ್ ಬಿಲ್ಲಿಲ್ಲ. ಪಿಎಂ ಕಿಸಾನ್ ವರ್ಷಕ್ಕೆ 6,000. ಯೂರಿಯಾ ಮೂಟೆಗೆ ಅಸಲು ಬೆಲೆ ನಾವು ಕೊಡ್ತಿಲ್ಲ. ನಾವು ತಗೊಂಡರೆ ಹಕ್ಕು, ಕಳೆ ಕೀಳೋಳು ತಗೊಂಡರೆ ಬಿಟ್ಟಿನಾ?

2,000 ಅಂದ್ರೆ ದಿನಕ್ಕೆ 66 ರೂಪಾಯಿ ಚಿಲ್ಲರೆ. ಅಷ್ಟಕ್ಕೆ ಕೂಲಿ ಬಿಟ್ಟು ಯಾರು ಮನೇಲಿ ಕೂರ್ತಾರೆ ಹೇಳಿ? ಹುಡುಗರು ಮೈಸೂರಿನ ಕಟ್ಟಡ ಕೆಲಸಕ್ಕೆ, ನಂಜನಗೂಡಿನ ಫ್ಯಾಕ್ಟರಿಗೆ ಹೋಗ್ತಿರೋದು ಅಲ್ಲಿ ನಮಗಿಂತ ಜಾಸ್ತಿ ಕೊಡ್ತಾರೆ ಅಂತ. ನಮಗೆ ಬೆಳೆಗೆ ಬೆಲೆ ಸಿಕ್ಕರೆ ನಾವೂ ಕೊಡಬಹುದು. ಆ ಜಗಳ ಆಡೋಣ ಬನ್ನಿ.

ಎದುರು ಕಡೆಯವರ ಮಾತು ಪೂರಾ ಸುಳ್ಳಲ್ಲ. 2024-25ರ ಬಜೆಟ್ಟಲ್ಲಿ ಐದೂ ಗ್ಯಾರಂಟಿಗೆ ಸುಮಾರು 52,000 ಕೋಟಿ ಇಟ್ಟರು. ಸಣ್ಣ ದುಡ್ಡಲ್ಲ. ನಾಲೆ ಹೂಳು ತೆಗೆಯೋಕೆ, ಕೆರೆ ಏರಿ ಕಟ್ಟೋಕೆ ಕಾಸಿಲ್ಲ ಅಂದ್ರೆ ವಿಧಾನಸೌಧದ ಕಡೆ ತಿರುಗಿ ಕೇಳಲೇಬೇಕು. ಒಂದು ಸಲ ನಾಲೆ ಸರಿ ಮಾಡಿದರೆ ಹತ್ತಾರು ವರ್ಷ ನೀರು ಹರಿಯುತ್ತೆ, ಅದೂ ಸರ್ಕಾರದ ಖರ್ಚೇ.

ಆದರೆ ನಾಲೆ ದುಡ್ಡನ್ನ ನಮ್ಮ ಸೊಪ್ಪು ಕೊಳ್ಳೋಳ ಸೆರಗಿನ ಗಂಟಲ್ಲಿ ಹುಡುಕಬೇಡಿ.

ಒಪ್ಪದೋರು ಲೆಕ್ಕ ಹಾಕಿ ಕೆಳಗೆ ಬರೀರಿ. ಬೈಗುಳ ಬೇಡ.