ಚಿನ್ನ ತೆಗೆದರೂ ಮಣ್ಣು ಉಳಿಯುತ್ತದೆ

ಕೋಲಾರದ ಗಣಿ ಎಂದೊಡನೆ ಹೊರನಾಡ ಕನ್ನಡಿಗರಿಗೆ ನೆನಪಾಗುವುದು ಚಿನ್ನ. ಕೆಜಿಎಫ್‌ನಲ್ಲಿ ಬಾಳುವವರ ಪಾಲಿಗೆ ಉಳಿದಿರುವುದು ದೂಳು. ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ 28ರಂದು ಮುಚ್ಚಿತು. ಶತಮಾನಕ್ಕೂ ಮಿಕ್ಕಿ ಅದಿರು ಅರೆದು ಚಿನ್ನ ತೆಗೆದ ಮೇಲೆ ಉಳಿದ ಪುಡಿ ಊರ ಮಗ್ಗುಲಲ್ಲೇ ಗುಡ್ಡಗಳಾಗಿ ನಿಂತಿದೆ. ಜನ ಅವನ್ನು ಸೈನೈಡ್ ದಿಬ್ಬಗಳೆನ್ನುತ್ತಾರೆ. ಅಂದಾಜು 3.3 ಕೋಟಿ ಟನ್ನಿನ ಈ ರಾಶಿ ಸಿನಿಮಾದಲ್ಲಿ ನೋಡಲು ಚೆಂದ. ಗಾಳಿ ಬೀಸಿದಾಗ ಅದರ ದೂಳು ಮನೆಯೊಳಗೆ ಬರುತ್ತದೆ.

ಈ ದಿಬ್ಬಗಳಲ್ಲಿ ಇನ್ನೂ ಚಿನ್ನದ ಅಂಶವಿದೆ. 13 ದಿಬ್ಬಗಳನ್ನು ಹರಾಜು ಹಾಕುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ನೀಡಿದ್ದು ಸ್ವಾಗತಾರ್ಹವೇ. ಆದರೆ ಲೆಕ್ಕ ಸರಳ. ಒಂದು ಟನ್ ಪುಡಿಯಲ್ಲಿ ಇರುವುದು ಸರಾಸರಿ ಒಂದು ಗ್ರಾಮಿಗೂ ಕಡಿಮೆ ಚಿನ್ನ. ಅದನ್ನು ತೆಗೆದ ಮೇಲೂ ಉಳಿಯುವುದು ಹೆಚ್ಚುಕಡಿಮೆ ಒಂದು ಟನ್ ಪುಡಿಯೇ. ಚಿನ್ನ ಹೊರಗೆ ಹೋಗಿ, ದಿಬ್ಬ ಮತ್ತೆ ಊರಿಗೇ ಉಳಿದರೆ ಜನರಿಗೆ ದಕ್ಕಿದ್ದೇನು?

ಉತ್ತರ ಇಟ್ಟಿಗೆಯಲ್ಲಿದೆ. ಕೆಜಿಎಫ್‌ನಲ್ಲಿದ್ದ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆಯ ವಿಜ್ಞಾನಿಗಳು ಇದೇ ಪುಡಿಗೆ ಸಿಮೆಂಟ್ ಅಥವಾ ಮಣ್ಣು ಬೆರೆಸಿ ಇಟ್ಟಿಗೆ ಮಾಡಬಹುದೆಂದು ತೋರಿಸಿದರು. ಆ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಕಾಂಕ್ರೀಟ್ ಬ್ಲಾಕ್‌ಗಳಲ್ಲೂ ಮರಳಿನ ಒಂದು ಪಾಲಿಗೆ ಬದಲಾಗಿ ಇಂಥ ಪುಡಿಯನ್ನು ಬಳಸಲು ಸಾಧ್ಯ. ನದಿಗಳ ಒಡಲು ಬಗೆದು ಮರಳು ತೆಗೆಯುತ್ತಿರುವ ನಾಡಿಗೆ ಇದು ಸಣ್ಣ ಮಾತಲ್ಲ.

ಇದು ಆಗದ ಕೆಲಸ ಎನ್ನುವವರು ಹಾರುಬೂದಿಯ ಕಥೆ ನೆನೆಯಲಿ. ವಿದ್ಯುತ್ ಸ್ಥಾವರಗಳ ಬೂದಿ ಒಂದು ಕಾಲಕ್ಕೆ ಯಾರಿಗೂ ಬೇಡವಾಗಿತ್ತು. ಸ್ಥಾವರದ 50 ಕಿ.ಮೀ. ಸುತ್ತಲಿನ ಇಟ್ಟಿಗೆ ತಯಾರಕರು ಅದನ್ನು ಬಳಸಲೇಬೇಕೆಂದು ಕೇಂದ್ರ ಸರಕಾರ 1999ರಲ್ಲಿ ಅಧಿಸೂಚನೆ ಹೊರಡಿಸಿತು. ಇಂದು ಮುಂಬಯಿ, ಪುಣೆಗಳ ಎಷ್ಟೋ ಕನ್ನಡಿಗರ ಫ್ಲ್ಯಾಟಿನ ಗೋಡೆಯಲ್ಲಿ ಅದೇ ಬೂದಿ ಇದೆ. ಮಾರುಕಟ್ಟೆ ತಾನಾಗಿ ಹುಟ್ಟಲಿಲ್ಲ, ನಿಯಮ ಅದನ್ನು ಹುಟ್ಟಿಸಿತು.

ಹಾಗೆಂದು ಆತುರವೂ ಸಲ್ಲದು. ಪುಡಿಯಲ್ಲಿ ಸೈನೈಡ್ ಹಾಗೂ ಭಾರಲೋಹಗಳ ಅಂಶ ಎಷ್ಟಿದೆ, ಇಟ್ಟಿಗೆ ನೀರಿನಲ್ಲಿ ನೆನೆದಾಗ ಏನು ಬಸಿಯುತ್ತದೆ ಎಂಬುದನ್ನು ದಿಬ್ಬ ದಿಬ್ಬಕ್ಕೂ ಪರೀಕ್ಷಿಸಬೇಕು. ಗಂಧಕದ ಅಂಶ ಹೆಚ್ಚಾದರೆ ಕಾಂಕ್ರೀಟ್ ಬಿರುಕು ಬಿಡುತ್ತದೆ. ಮೊದಲ ಪ್ರಯೋಗ ಬಡವರ ವಸತಿ ಯೋಜನೆಯಲ್ಲಿ ಬೇಡ. ಸರಕಾರಿ ಕಚೇರಿಗಳ ಕಾಂಪೌಂಡ್ ಗೋಡೆಯಿಂದ ಆರಂಭವಾಗಲಿ.

ಆದ್ದರಿಂದ ದಿಬ್ಬಗಳನ್ನು ವಹಿಸಿಕೊಳ್ಳುವವರು ಯಾರೇ ಆಗಲಿ, ಉಳಿದ ಪುಡಿಯಲ್ಲಿ ಇಂತಿಷ್ಟು ಪಾಲನ್ನು ಸುರಕ್ಷಿತ ಕಟ್ಟಡ ಸಾಮಗ್ರಿಯಾಗಿಸಬೇಕು, ಮಿಕ್ಕದ್ದನ್ನು ಹಸಿರು ಹೊದಿಸಿ ಹಿಡಿದಿಡಬೇಕು ಎಂಬ ಷರತ್ತು ಕರಾರಿನಲ್ಲೇ ಇರಬೇಕು. ಬ್ಲಾಕ್ ತಯಾರಿಕೆಯ ಘಟಕಗಳು ಕೆಜಿಎಫ್‌ನಲ್ಲೇ ತಲೆಯೆತ್ತಬೇಕು. ಗಣಿ ಮುಚ್ಚಿದಂದಿನಿಂದ ಅಲ್ಲಿನ ಸಾವಿರಾರು ಮಂದಿ ಹೊಟ್ಟೆಪಾಡಿಗಾಗಿ ನಸುಕಿನಲ್ಲೇ ಬೆಂಗಳೂರಿನ ರೈಲು ಹತ್ತುತ್ತಿದ್ದಾರೆ. ದುಡಿಮೆಗಾಗಿ ಊರು ಬಿಡುವ ಸಂಕಟ ಹೊರನಾಡ ಕನ್ನಡಿಗರಿಗೆ ಹೊಸತಲ್ಲ. ಇಷ್ಟು ಕಾಲ ದೂಳು ಕುಡಿದವರಿಗೆ ಆ ದೂಳಿನಿಂದಲೇ ನಾಲ್ಕು ಕಾಸು ಸಿಗುವಂತಾದರೆ ಅದಕ್ಕಿಂತ ದೊಡ್ಡ ಚಿನ್ನವಿಲ್ಲ.